ಆಡದವರು ಕೊಟ್ಟ ಸೊನ್ನೆ, ಆಡಿದವರು ಕೊಟ್ಟ 93

ಒಂದೇ ಗೇಮ್, ಒಂದೇ ವೆಬ್‌ಸೈಟ್, ಒಂದೇ ಪುಟ. ಎಡಗಡೆ ವಿಮರ್ಶಕರ ಸರಾಸರಿ ಅಂಕ: 100ಕ್ಕೆ 93. ಪಕ್ಕದಲ್ಲೇ ಸಾಮಾನ್ಯ ಆಟಗಾರರ ಅಂಕ: 10ಕ್ಕೆ 4 ಕೂಡ ಇಲ್ಲ. 2020ರ ಜೂನ್ 19ರಂದು ಬಿಡುಗಡೆಯಾದ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಎಂಬ ಗೇಮಿಗೆ ಆದದ್ದು ಇದು. ಇಷ್ಟು ದೊಡ್ಡ ಅಂತರ ಕಂಡಾಗ ಯಾರಾದರೂ ಕೇಳುವುದು ಒಂದೇ ಪ್ರಶ್ನೆ: ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ಆರು ವರ್ಷದ ಹಿಂದಿನ ಅಮೆರಿಕದ ಗೇಮು ನಮಗ್ಯಾಕೆ ಅಂತ ನೀವು ಕೇಳಬಹುದು. ಅದು ಮೊಬೈಲಿನಲ್ಲಿ ಓಡುವುದೂ ಇಲ್ಲ. ಪ್ಲೇಸ್ಟೇಷನ್ ಬೇಕು, ಇಲ್ಲವೇ ಒಳ್ಳೆಯ ಕಂಪ್ಯೂಟರ್ ಬೇಕು. ಆದರೆ ಆ ಜಗಳ ನಡೆದದ್ದು ಸ್ಟಾರ್ ಮತ್ತು ಅಂಕಗಳ ಬಗ್ಗೆ. ಆ ಸ್ಟಾರ್ ನಮ್ಮ ಕೈಯಲ್ಲೂ ಇದೆ. ಆ್ಯಪ್ ಇಳಿಸಿಕೊಳ್ಳುವ ಮುಂಚೆ ನೋಡುತ್ತೇವೆ, ಸಿನಿಮಾಕ್ಕೆ ಹೋಗುವ ಮುಂಚೆ ನೋಡುತ್ತೇವೆ, ಆನ್‌ಲೈನಲ್ಲಿ ಸ್ಪ್ರೇಯರ್ ತರಿಸುವ ಮುಂಚೆಯೂ ನೋಡುತ್ತೇವೆ. ಸಿಟ್ಟು ಬಂದರೆ ಒಂದು ಸ್ಟಾರ್ ಒತ್ತುತ್ತೇವೆ. ಆ ಒಂದು ಸ್ಟಾರಿಗೆ ಎಷ್ಟು ಬಲ ಇದೆ, ಅದು ಯಾರನ್ನು ತಟ್ಟುತ್ತದೆ, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಅನ್ನುವುದಕ್ಕೆ ಈ ಗೇಮಿನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನನ್ನ ಮಾತು ಇಷ್ಟೇ. ಆಡದೆ ಕೊಟ್ಟ ಸೊನ್ನೆ ಅಭಿಪ್ರಾಯವೇ ಅಲ್ಲ. ಹಾಗಂತ 93 ಅನ್ನುವ ಸಂಖ್ಯೆಯೂ ವಿಮರ್ಶೆ ಅಲ್ಲ. ವಿಮರ್ಶೆ ಇದ್ದದ್ದು ಆ ಎರಡೂ ಸಂಖ್ಯೆಗಳ ಹಿಂದೆ ಯಾರೂ ಸರಿಯಾಗಿ ಓದದ ಬರಹಗಳಲ್ಲಿ.

ಮುಂದೆ ಗೇಮಿನ ಕತೆ ಪೂರ್ತಿ ಹೇಳುತ್ತೇನೆ. ಆಡುವ ಆಸೆ ಇದ್ದವರು ಇಲ್ಲೇ ನಿಲ್ಲಬಹುದು.

ಕತೆ ಏನು

ಪಬ್ಜಿ ಆಡಿದವರಿಗೆ ಟಿಪಿಪಿ ಗೊತ್ತು. ನಿಮ್ಮ ಪಾತ್ರದ ಬೆನ್ನ ಹಿಂದೆ ಕ್ಯಾಮೆರಾ ಇರುತ್ತದೆ, ಅವನ ತಲೆ, ಹೆಗಲು, ಕೈಲಿರುವ ಗನ್ ಎಲ್ಲ ಕಾಣುತ್ತದೆ. ಇದೂ ಅದೇ ತರಹದ ಆಟ. ಆದರೆ ಇಲ್ಲಿ ನೂರು ಜನ ಒಟ್ಟಿಗೆ ಇಳಿಯುವುದಿಲ್ಲ. ಒಬ್ಬರೇ ಕೂತು, ಒಂದು ಕತೆಯೊಳಗೆ ಸುಮಾರು 25 ಗಂಟೆ ನಡೆಯಬೇಕು.

ಮೊದಲ ಭಾಗ ಬಂದದ್ದು 2013ರಲ್ಲಿ. ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಮನುಷ್ಯರ ಮಿದುಳಿಗೆ ಹತ್ತಿ, ಅಮೆರಿಕ ಪಾಳು ಬಿದ್ದಿದೆ. (ಈ ಶಿಲೀಂಧ್ರ ನಿಜವಾಗಿಯೂ ಇದೆ, ಆದರೆ ಹತ್ತುವುದು ಹುಳಹುಪ್ಪಟೆಗಳಿಗೆ ಮಾತ್ರ.) ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬ ಗಡಸು ಮನುಷ್ಯ, ಎಲಿ ಎಂಬ 14 ವರ್ಷದ ಹುಡುಗಿಯನ್ನು ದೇಶದ ಒಂದು ತುದಿಯಿಂದ ಇನ್ನೊಂದು ಕಡೆಗೆ ಕರೆದೊಯ್ಯಬೇಕು. ಅವಳಿಗೆ ಆ ರೋಗ ಹತ್ತುವುದಿಲ್ಲ. ಅವಳಿಂದ ಔಷಧ ಸಿಗಬಹುದು. ಕೊನೆಗೆ ಆಸ್ಪತ್ರೆ ತಲುಪಿದಾಗ ಗೊತ್ತಾಗುತ್ತದೆ, ಔಷಧ ಬೇಕಾದರೆ ಹುಡುಗಿಯ ಜೀವ ಹೋಗಬೇಕು. ಜೋಯೆಲ್ ಒಪ್ಪುವುದಿಲ್ಲ. ಅಡ್ಡ ಬಂದವರನ್ನೆಲ್ಲ ಕೊಲ್ಲುತ್ತಾನೆ, ಆಪರೇಷನ್ ಮಾಡಲು ನಿಂತ ಡಾಕ್ಟರನ್ನೂ. ಎಲಿಗೆ ಸುಳ್ಳು ಹೇಳಿ ಮನೆಗೆ ಕರೆತರುತ್ತಾನೆ. ಆ ಗೇಮಿಗೆ ವಿಮರ್ಶಕರ ಸರಾಸರಿ 95. ಆಟಗಾರರೂ ತಲೆ ಮೇಲೆ ಹೊತ್ತು ಮೆರೆಸಿದರು. ಏಳು ವರ್ಷ ಜೋಯೆಲ್ ಅವರ ಮನೆಯವನಂತೆಯೇ ಇದ್ದ.

ಎರಡನೇ ಭಾಗದಲ್ಲಿ, ಆಟ ಶುರುವಾಗಿ ಒಂದೆರಡು ಗಂಟೆಯಲ್ಲೇ, ಆಬಿ ಎಂಬ ಯುವತಿ ಜೋಯೆಲ್‌ನನ್ನು ಗಾಲ್ಫ್ ಕೋಲಿನಿಂದ ಹೊಡೆದು ಕೊಲ್ಲುತ್ತಾಳೆ. ಎಲಿಯ ಕಣ್ಣೆದುರೇ. ಎಲಿ ಸೇಡಿಗೆಂದು ಸಿಯಾಟಲ್ ನಗರಕ್ಕೆ ಹೊರಡುತ್ತಾಳೆ. ನೀವು ಎಲಿಯಾಗಿ ಮೂರು ದಿನ ಆ ಊರಲ್ಲಿ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುತ್ತೀರಿ. ಇಬ್ಬರೂ ಎದುರುಬದುರಾದ ಕ್ಷಣದಲ್ಲಿ ಆಟ ಥಟ್ಟನೆ ಹಿಂದಕ್ಕೆ ಹೋಗುತ್ತದೆ. ಈಗ ನೀವು ಆಬಿ. ಅದೇ ಮೂರು ದಿನಗಳನ್ನು ಅವಳ ಕಡೆಯಿಂದ ಆಡಬೇಕು. ಆಗ ತಿಳಿಯುತ್ತದೆ, ಜೋಯೆಲ್ ಕೊಂದ ಆ ಡಾಕ್ಟರ್ ಇವಳ ಅಪ್ಪ.

ನಮಗೆ ಇದು ತೀರಾ ಹೊಸದಲ್ಲ. ಸುಳ್ಳಿನ ಬಲದಿಂದ ದ್ರೋಣನನ್ನು ಕೊಂದರು. ಮಗ ಅಶ್ವತ್ಥಾಮ ರಾತ್ರಿ ನುಗ್ಗಿ ಮಲಗಿದ್ದವರನ್ನು ಕೊಂದ. ಅವನನ್ನು ಹಿಡಿದು ತಂದಾಗ, ನನ್ನಂತೆ ಅವನ ತಾಯಿಯೂ ಅಳುವುದು ಬೇಡ ಅಂತ ದ್ರೌಪದಿ ಬಿಡಿಸಿದ್ದು ಭಾಗವತದಲ್ಲಿ ಬರುತ್ತದೆ. ಹತ್ತನೇ ಶತಮಾನದ ರನ್ನ 'ಗದಾಯುದ್ಧ' ಬರೆದಾಗ, ನಾಯಕ ಭೀಮನೇ ಆದರೂ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನಿಗಾಗಿ ಓದುಗರ ಹೊಟ್ಟೆ ಉರಿಯುವಂತೆ ಮಾಡಿದ. ವೈರಿಯ ಕಣ್ಣಿಂದ ನೋಡಿಸುವುದು ಹಳೆಯ ವಿದ್ಯೆ. ಹೊಸತು ಏನೆಂದರೆ, ಕೇಳುವವನ ಕೈಗೇ ಗುಂಡಿ ಕೊಟ್ಟು, ಒತ್ತು, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ ಅನ್ನುವುದು. ಎಲಿಯನ್ನು ಪ್ರೀತಿಸಿದ ಆಟಗಾರ, ಆಬಿಯಾಗಿ ಎಲಿಯನ್ನೇ ಹೊಡೆಯಬೇಕಾದ ಒಂದು ಜಾಗ ಬರುತ್ತದೆ. ಎಷ್ಟೋ ಜನ ಅಲ್ಲಿ ಕಂಟ್ರೋಲರ್ ಕೆಳಗಿಟ್ಟರು.

93 ಎಲ್ಲಿಂದ ಬಂತು

ಮೆಟಾಕ್ರಿಟಿಕ್ ಎಂಬ ವೆಬ್‌ಸೈಟ್ ಬೇರೆ ಬೇರೆ ಪತ್ರಿಕೆಗಳ ವಿಮರ್ಶೆಗಳನ್ನು ಒಟ್ಟುಹಾಕಿ, ಅವರ ಅಂಕಗಳನ್ನು ನೂರಕ್ಕೆ ಇಳಿಸಿ, ಕೆಲವರಿಗೆ ಹೆಚ್ಚು ತೂಕ ಕೆಲವರಿಗೆ ಕಡಿಮೆ ತೂಕ ಹಾಕಿ ಸರಾಸರಿ ತೆಗೆಯುತ್ತದೆ. ಐಜಿಎನ್ 10ಕ್ಕೆ 10 ಕೊಟ್ಟಿತು. ಲಂಡನ್ನಿನ 'ಗಾರ್ಡಿಯನ್' ಐದಕ್ಕೆ ಐದು ಸ್ಟಾರ್ ಕೊಟ್ಟಿತು. ಗೇಮ್‌ಸ್ಪಾಟ್ 8 ಕೊಟ್ಟಿತು. ಎಲ್ಲ ಸೇರಿ 93.

ಮೆಚ್ಚಿದವರು ಸುಮ್ಮನೆ ಮೆಚ್ಚಲಿಲ್ಲ. ಕಾರಣ ಕೊಟ್ಟರು. ಮುಖದ ಮೇಲೆ ಹಾದುಹೋಗುವ ಭಾವ ನಟರಷ್ಟೇ ಸೂಕ್ಷ್ಮವಾಗಿದೆ ಎಂದರು. ಈ ಗೇಮಿನಲ್ಲಿ ವೈರಿಗಳಿಗೂ ಹೆಸರಿದೆ. ನೀವು ಒಬ್ಬನನ್ನು ಕೊಂದರೆ ಇನ್ನೊಬ್ಬ ಅವನ ಹೆಸರು ಕೂಗುತ್ತಾನೆ. ನಾಯಿ ಸತ್ತರೆ ಅದನ್ನು ಸಾಕಿದವನು ಹೆಸರು ಹಿಡಿದು ಕರೆಯುತ್ತಾನೆ. ಬೇರೆ ಗೇಮುಗಳಲ್ಲಿ ಲೆಕ್ಕವಿಲ್ಲದೆ ಬೀಳುವ ಹೆಣಗಳು ಇಲ್ಲಿ ಭಾರವಾಗುತ್ತವೆ ಅನ್ನುವುದು ಅವರ ಮಾತು.

ಮೆಚ್ಚಿಗೆಯ ಇನ್ನೊಂದು ಭಾಗ ಜಗಳದಲ್ಲಿ ಪೂರ್ತಿ ಮುಚ್ಚಿಹೋಯಿತು. ಈ ಗೇಮಿನಲ್ಲಿ ಅಂಗವಿಕಲರಿಗಾಗಿ 60ಕ್ಕೂ ಹೆಚ್ಚು ಸೆಟ್ಟಿಂಗ್‌ಗಳಿವೆ. ಪರದೆ ಮೇಲಿನ ಅಕ್ಷರ ಓದಿ ಹೇಳುತ್ತದೆ. ಎದುರು ಗೋಡೆ ಇದೆಯೋ, ಹಳ್ಳ ಇದೆಯೋ, ವೈರಿ ಇದ್ದಾನೋ ಅಂತ ಬೇರೆ ಬೇರೆ ಸದ್ದಿನಿಂದ ತಿಳಿಸುತ್ತದೆ. ಒಂದು ಗುಂಡಿ ಒತ್ತಿದರೆ ಮುಂದಿನ ದಾರಿಗೆ ಮುಖ ತಿರುಗಿಸುತ್ತದೆ. ಮಂದ ದೃಷ್ಟಿಯವರಿಗೆ ಹಿನ್ನೆಲೆ ಬೂದು ಮಾಡಿ, ಮನುಷ್ಯರನ್ನು ಗಾಢ ಬಣ್ಣದಲ್ಲಿ ತೋರಿಸುತ್ತದೆ. ಕಣ್ಣು ಪೂರ್ತಿ ಕಾಣದವರೂ ಮೊದಲಿಂದ ಕೊನೆವರೆಗೆ ಆಡಿ ಮುಗಿಸಿದರು. ಕೆನಡಾದ ಸ್ಟೀವ್ ಸೇಲರ್ ಎಂಬ ದೃಷ್ಟಿದೋಷವಿರುವ ಗೇಮ್ ವಿಮರ್ಶಕ, ಆ ಸೆಟ್ಟಿಂಗ್ ಪುಟ ತೆರೆದ ಕೂಡಲೇ ಕಣ್ಣೀರು ಹಾಕಿದ ವಿಡಿಯೊವನ್ನು ಜಗತ್ತೇ ನೋಡಿತು. ಸೊನ್ನೆ ಒತ್ತಿದವರ ಲೆಕ್ಕದಲ್ಲಿ ಇದೂ ಸೊನ್ನೆಯೇ.

93ರೊಳಗೆ ಬರದೇ ಹೋದವರು

ಈಗ ಇನ್ನೊಂದು ಬದಿ. ಈ ಗೇಮನ್ನು ಬಲವಾಗಿ ಟೀಕಿಸಿದ ವಿಮರ್ಶಕರೂ ಇದ್ದರು. ಪಾಲಿಗನ್‌ನಲ್ಲಿ ಮ್ಯಾಡಿ ಮೈಯರ್ಸ್ ಬರೆದ ವಿಮರ್ಶೆಯ ತಿರುಳು, ಮನುಷ್ಯರು ಈ ಗೇಮ್ ತೋರಿಸುವಷ್ಟು ಕೆಟ್ಟವರಲ್ಲ ಅನ್ನುವುದು. ಅದು ಕೊರೊನಾದ ಮೊದಲ ಅಲೆಯ ಕಾಲ, ಜನ ಒಬ್ಬರಿಗೊಬ್ಬರು ಆಸರೆಯಾಗಿದ್ದ ಕಾಲ. ಅಂಥ ಹೊತ್ತಲ್ಲಿ ಈ ಕತೆಯ ಕತ್ತಲು ಸುಳ್ಳೆನಿಸಿತು ಎಂದರು. ಕೊಟಾಕುವಿನ ರೈಲಿ ಮ್ಯಾಕ್ಲೌಡ್‌ಗೆ ಗೇಮಿನ ಉದ್ದಕ್ಕೂ ಸುರಿಯುವ ಕ್ರೌರ್ಯ ಸುಸ್ತು ಹೊಡೆಸಿತು. ವೈಸ್‌ನ ರಾಬ್ ಝಾಕ್ನಿ, ಇಷ್ಟು ರಕ್ತ ಹರಿಸಿ ಕೊನೆಗೆ ಹೇಳುವ ಮಾತು ಬಹಳ ಸಣ್ಣದು ಅನ್ನುವ ಧಾಟಿಯಲ್ಲಿ ಬರೆದರು.

ಗಮನಿಸಿ. ಈ ಮೂರೂ ಪತ್ರಿಕೆಗಳು ವಿಮರ್ಶೆಗೆ ಅಂಕ ಕೊಡುತ್ತಿರಲಿಲ್ಲ. ಅಂಕ ಇಲ್ಲದ ವಿಮರ್ಶೆ ಮೆಟಾಕ್ರಿಟಿಕ್ ಸರಾಸರಿಯೊಳಗೆ ಸೇರುವುದಿಲ್ಲ. ಅಂದರೆ ಅತಿ ಗಟ್ಟಿ ತಕರಾರುಗಳೇ ಆ 93ರ ಲೆಕ್ಕದಿಂದ ಹೊರಗೆ ಉಳಿದವು. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಲೆಕ್ಕ ಮಾಡುವ ರೀತಿಯೇ ಹಾಗೆ. ಅಳತೆಗೆ ಸಿಗುವುದನ್ನು ಮಾತ್ರ ಅಳೆದು, ಅದೇ ಪೂರ್ತಿ ಅಂತ ಬೋರ್ಡು ಹಾಕಿದ ಹಾಗೆ.

ಇನ್ನೂ ಒಂದು ವಿಷಯ. ಗೇಮನ್ನು ಮುಂಚಿತವಾಗಿ ಪಡೆದ ವಿಮರ್ಶಕರಿಗೆ ಸೋನಿ ಕಂಪನಿಯ ಷರತ್ತುಗಳಿದ್ದವು. ಜೂನ್ 12ಕ್ಕೆ ವಿಮರ್ಶೆ ಪ್ರಕಟಿಸಬಹುದು, ಆದರೆ ಕತೆಯ ದ್ವಿತೀಯಾರ್ಧದ ಬಗ್ಗೆ ಬರೆಯುವಂತಿಲ್ಲ. ದ್ವಿತೀಯಾರ್ಧ ಅಂದರೆ ಆಬಿಯ ಭಾಗ. ಗೇಮಿನ ಜೀವ ಇರುವುದೇ ಅಲ್ಲಿ. ಆಟ ಹಾಳಾಗಬಾರದು ಅನ್ನುವ ಕಾರಣ ಒಪ್ಪುವಂಥದ್ದೇ. ಆದರೆ ಅದರ ಫಲವಾಗಿ, ಓದುಗ ದುಡ್ಡು ಕೊಡುವ ಮುಂಚೆ ಓದಿದ್ದು ಅರ್ಧ ವಿಮರ್ಶೆ. ನೋಡಿದ್ದು ಮಾತ್ರ ಪೂರ್ತಿ ಅಂಕ. ಬಿಡುಗಡೆಯಾದ ಮೇಲೆ ಬಂದ ಬರಹಗಳೇ ಹೆಚ್ಚು ಆಳವಾಗಿದ್ದವು. ಅಷ್ಟರಲ್ಲಿ ಜಗಳ ಕೈಮೀರಿತ್ತು.

ಆಮೇಲೆ ಬಂದ ಒಂದು ತಕರಾರನ್ನು ಇಲ್ಲಿ ಹೇಳಲೇಬೇಕು. ಗೇಮಿನ ನಿರ್ದೇಶಕ ನೀಲ್ ಡ್ರಕ್‌ಮನ್ ಬಾಲ್ಯ ಕಳೆದದ್ದು ಇಸ್ರೇಲಿನಲ್ಲಿ. 2000ದಲ್ಲಿ ರಾಮಲ್ಲಾದಲ್ಲಿ ಇಸ್ರೇಲಿ ಸೈನಿಕರನ್ನು ಗುಂಪೊಂದು ಕೊಂದ ವಿಡಿಯೊ ನೋಡಿ ತನ್ನೊಳಗೆ ಎದ್ದ ಸೇಡಿನ ಭಾವ, ಆಮೇಲೆ ಅದರ ಬಗ್ಗೆ ಆದ ನಾಚಿಕೆ, ಇವೇ ಈ ಕತೆಯ ಬೀಜ ಎಂದು ಅವರೇ ಹೇಳಿಕೊಂಡಿದ್ದಾರೆ. ಅದನ್ನು ಹಿಡಿದು ವೈಸ್‌ನಲ್ಲಿ ಇಮ್ಯಾನ್ಯುಯಲ್ ಮೈಬರ್ಗ್ ಒಂದು ಲೇಖನ ಬರೆದರು. ಸೇಡು ಒಂದು ಚಕ್ರ, ಎರಡೂ ಕಡೆಯವರದ್ದೂ ಒಂದೇ ತಪ್ಪು ಅನ್ನುವ ಮಾತು ಕೇಳಲು ಚೆಂದ. ಆದರೆ ಇಬ್ಬರ ಬಲ ಒಂದೇ ಅಲ್ಲದಾಗ ಆ ಮಾತು ಏನನ್ನು ಮುಚ್ಚಿಹಾಕುತ್ತದೆ ಎಂಬುದು ಅವರ ಪ್ರಶ್ನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಈ ಪ್ರಶ್ನೆಗೆ ಎಷ್ಟು ಸ್ಟಾರ್ ಕೊಡುತ್ತೀರಿ? ಹತ್ತರಲ್ಲಿ ಆರೇ, ಏಳೇ? ವಿಮರ್ಶೆ ಅಂದರೆ ಇಂಥ ಪ್ರಶ್ನೆ ಎತ್ತುವುದು.

ಸೊನ್ನೆ ಎಲ್ಲಿಂದ ಬಂತು

ಗೇಮ್ ಬಿಡುಗಡೆಗೆ ಎರಡು ತಿಂಗಳ ಮುಂಚೆ, 2020ರ ಏಪ್ರಿಲ್ ಕೊನೆಯಲ್ಲಿ, ಅದರ ವಿಡಿಯೊ ತುಣುಕುಗಳು ಲೀಕ್ ಆದವು. ಜೋಯೆಲ್ ಸಾಯುತ್ತಾನೆ ಎಂಬುದು ಹರಡಿತು. ಜೊತೆಗೆ ಸುಳ್ಳೂ ಹರಡಿತು. ಆಬಿಯ ಗಟ್ಟಿ ತೋಳು ನೋಡಿ ಅವಳು ಲಿಂಗ ಬದಲಿಸಿಕೊಂಡವಳು ಅಂತ ಗುಲ್ಲೆಬ್ಬಿಸಿದರು. ಗೇಮಿನಲ್ಲಿ ಲೆವ್ ಎಂಬ ಟ್ರಾನ್ಸ್ ಹುಡುಗನ ಪಾತ್ರ ಇದೆ, ಎಲಿ ಪ್ರೀತಿಸುವುದು ಡೀನಾ ಎಂಬ ಹುಡುಗಿಯನ್ನು. ಆದರೆ ಆಬಿಯ ಬಗ್ಗೆ ಹರಡಿದ್ದು ಅಪ್ಪಟ ಸುಳ್ಳು. ಅವಳು ಅಪ್ಪನ ಸಾವಿನ ಸೇಡಿಗಾಗಿ ವರ್ಷಗಟ್ಟಲೆ ಮೈ ಹುರಿಗೊಳಿಸಿದ ಸೈನಿಕ ಹೆಣ್ಣು, ಅಷ್ಟೇ.

ಜೂನ್ 19 ಬಂತು. ಕೆಲವೇ ಗಂಟೆಗಳಲ್ಲಿ ಸಾವಿರಾರು ಸೊನ್ನೆಗಳು ಬಿದ್ದವು. ಮುಂದೆ ಅಂಕ ಹಾಕಿದವರ ಸಂಖ್ಯೆ ಲಕ್ಷ ದಾಟಿತು. ಆಟ ಮುಗಿಸಲು 25 ಗಂಟೆ ಬೇಕು. ಬೆಳಿಗ್ಗೆ ಕೊಂಡು ಮಧ್ಯಾಹ್ನಕ್ಕೆ ಸೊನ್ನೆ ಹಾಕಿದವನು ಆಬಿಯ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಕೊಳ್ಳದೆಯೇ ಹಾಕಿದವರು ಎಷ್ಟೋ. ಅದನ್ನು ತಡೆಯಲು ಸೊನ್ನೆಗೆ ಎದುರಾಗಿ ಹತ್ತಕ್ಕೆ ಹತ್ತು ಹಾಕಿದ ಅಭಿಮಾನಿಗಳೂ ಇದ್ದರು. ಅವರಲ್ಲೂ ಎಷ್ಟೋ ಜನ ಆಟ ಮುಗಿಸಿರಲಿಲ್ಲ. ಕೊನೆಗೆ ಉಳಿದದ್ದು ಮತದಾನ, ಅಭಿಪ್ರಾಯವಲ್ಲ. ಮರು ತಿಂಗಳೇ ಮೆಟಾಕ್ರಿಟಿಕ್ ನಿಯಮ ಬದಲಿಸಿತು: ಗೇಮ್ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ಅಂಕ ಹಾಕುವಂತಿಲ್ಲ.

ಇದರ ನಡುವೆ ಮೂರು ದಿನದಲ್ಲಿ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದವು. ಆ ವರ್ಷದ ಗೋಲ್ಡನ್ ಜಾಯ್‌ಸ್ಟಿಕ್ ಪ್ರಶಸ್ತಿಯಲ್ಲಿ ಜನರೇ ಮತ ಹಾಕಿ ಇದನ್ನು ವರ್ಷದ ಗೇಮ್ ಮಾಡಿದರು. ಡಿಸೆಂಬರಿನ ದಿ ಗೇಮ್ ಅವಾರ್ಡ್ಸ್‌ನಲ್ಲಿ ಏಳು ಪ್ರಶಸ್ತಿ ಬಂತು. ಅಲ್ಲಿ ಆಟಗಾರರ ಮತದಿಂದಲೇ ಕೊಡುವ ಪ್ರಶಸ್ತಿ ಮಾತ್ರ 'ಘೋಸ್ಟ್ ಆಫ್ ಸುಶಿಮಾ'ಗೆ ಹೋಯಿತು. 'ಆಟಗಾರರು' ಎಂಬ ಒಂದು ಗುಂಪು, 'ವಿಮರ್ಶಕರು' ಎಂಬ ಇನ್ನೊಂದು ಗುಂಪು, ಇಬ್ಬರ ನಡುವೆ ಯುದ್ಧ ಅಂತ ಆಗ ಎಲ್ಲರೂ ಬರೆದರು. ಈ ಫಲಿತಾಂಶಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಗೆರೆ ನಿಲ್ಲುವುದಿಲ್ಲ. ಮೆಚ್ಚಿದ ಆಟಗಾರರೂ ಇದ್ದರು, ಮೆಚ್ಚದ ವಿಮರ್ಶಕರೂ ಇದ್ದರು.

ಸಿಟ್ಟಾದವರಲ್ಲಿ ನ್ಯಾಯ ಇರಲಿಲ್ಲವೇ

ಇತ್ತು. ಅದನ್ನೂ ಹೇಳದಿದ್ದರೆ ಈ ಬರಹವೂ ಒಂದು ಕಡೆಗೆ ವಾಲಿದಂತೆ.

ಬಿಡುಗಡೆಗೆ ಮುಂಚಿನ ವರ್ಷ ಬಂದ ಟ್ರೇಲರ್‌ನಲ್ಲಿ, ಎಲಿ ಸಿಯಾಟಲ್‌ನಲ್ಲಿ ಒಬ್ಬಳೇ ಇರುವಾಗ ಹಿಂದಿನಿಂದ ಬಂದು ಬಾಯಿ ಮುಚ್ಚುವುದು ಜೋಯೆಲ್. ಇದನ್ನು ನೀನೊಬ್ಬಳೇ ಮಾಡಲು ಬಿಡುತ್ತೇನೆಂದುಕೊಂಡೆಯಾ ಅನ್ನುವ ಅರ್ಥದ ಮಾತೂ ಅವನದ್ದೇ. ಗೇಮಿನಲ್ಲಿ ಅದೇ ಜಾಗದಲ್ಲಿ ಬರುವುದು ಜೆಸ್ಸಿ ಎಂಬ ಬೇರೆ ಪಾತ್ರ. ಜೋಯೆಲ್ ಅಷ್ಟರಲ್ಲಿ ಸತ್ತು ಎಷ್ಟೋ ಹೊತ್ತಾಗಿರುತ್ತದೆ. ಗುಟ್ಟು ಕಾಯಲು ಟ್ರೇಲರಿನಲ್ಲಿ ಮುಖವನ್ನೇ ಬದಲಿಸಿದ್ದರು. 60 ಡಾಲರ್ ಮುಂಗಡ ಕೊಟ್ಟವನು, ನನಗೆ ತೋರಿಸಿದ್ದೇ ಬೇರೆ ಕೊಟ್ಟದ್ದೇ ಬೇರೆ ಎಂದರೆ ಅದನ್ನು ತಳ್ಳಿಹಾಕಲು ಆಗುವುದಿಲ್ಲ. ಸಂತೆಯಲ್ಲಿ ಮೇಲಿನ ಸಾಲಿನ ಟೊಮ್ಯಾಟೊ ತೋರಿಸಿ ಕೆಳಗಿನದನ್ನು ತೂಗಿದರೆ ನಾವೂ ಸುಮ್ಮನಿರುವುದಿಲ್ಲ.

ಹಾಗೆಯೇ, ಕತೆ ಕಾವೇರಿದ ಜಾಗದಲ್ಲೇ ನಿಲ್ಲಿಸಿ ಹತ್ತಾರು ಗಂಟೆ ಹಿಂದಕ್ಕೆ ಒಯ್ಯುವುದು ತಾಳ್ಮೆ ಕೆಡಿಸುತ್ತದೆ. ನಾಯಿಯನ್ನು ನಮ್ಮ ಕೈಯಲ್ಲೇ ಕೊಲ್ಲಿಸಿ, ಆಮೇಲೆ ಅದೇ ನಾಯಿಯ ಜೊತೆ ಆಟ ಆಡಿಸಿ, ನೋಡು ನೀನೆಂಥ ಕೆಲಸ ಮಾಡಿದೆ ಅನ್ನುವುದು ಬಲವಂತದ ಮಾಘಸ್ನಾನ ಅಂತ ಅನ್ನಿಸಬಹುದು. ನಾನು ಆಯ್ಕೆ ಮಾಡದ ಪಾಪಕ್ಕೆ ನನ್ನನ್ನೇಕೆ ದೂರುತ್ತೀರಿ ಎಂದು ಕೇಳಿದ ಆಟಗಾರರು ಗೇಮುಗಳ ಬಗ್ಗೆ ಬಹಳ ಮುಖ್ಯ ಪ್ರಶ್ನೆಯನ್ನೇ ಕೇಳಿದರು. ಇವರು ಆಡಿದ್ದರು, ಯೋಚಿಸಿದ್ದರು. ಆದರೆ ಇವರ ಮಾತು ಯಾರಿಗೂ ಕೇಳಿಸಲಿಲ್ಲ. ಯಾಕೆಂದರೆ ಇವರ 4, 5 ಅಂಕಗಳು ಸಾವಿರಾರು ಸೊನ್ನೆಗಳ ಕೆಳಗೆ ಹೂತುಹೋದವು. ಸುಳ್ಳು ಸೊನ್ನೆಯಿಂದ ಕಂಪನಿಗೆ ಆದ ನಷ್ಟ ಸಣ್ಣದು. ನಿಜವಾದ ದೂರು ಇದ್ದವರಿಗೆ ಆದ ನಷ್ಟವೇ ದೊಡ್ಡದು. ಅವರನ್ನೂ ದ್ವೇಷಿಗಳ ಗುಂಪಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಕಂಪನಿಗೂ ಸುಲಭವಾಯಿತು, ಪತ್ರಿಕೆಗಳಿಗೂ ಸುಲಭವಾಯಿತು.

ಅಂಕದ ಆಚೆ ಇದ್ದ ಮನುಷ್ಯರು

ಆಬಿಗೆ ದನಿ ಮತ್ತು ಅಭಿನಯ ಕೊಟ್ಟವರು ಲಾರಾ ಬೈಲಿ. 2020ರ ಜುಲೈ ಮೊದಲ ವಾರ ಅವರು ತಮಗೆ ಬಂದ ಸಂದೇಶಗಳನ್ನು ಹಾಕಿದರು. ಜೋಯೆಲ್‌ನನ್ನು ಕೊಂದದ್ದಕ್ಕೆ ನಿನ್ನನ್ನು ಕೊಲ್ಲುತ್ತೇವೆ ಎಂಬ ಬೆದರಿಕೆಗಳು. ಅವರ ಎಳೆಗೂಸನ್ನೂ ಬಿಡಲಿಲ್ಲ. ಬರೆದ ಕತೆಯನ್ನು ಅಭಿನಯಿಸಿದ ಒಬ್ಬ ಕಲಾವಿದೆಗೆ ಇದು ಬಂದ ಕೂಲಿ. ಮರುವರ್ಷ ಬ್ರಿಟನ್ನಿನ ಬಾಫ್ಟಾ ಅದೇ ಪಾತ್ರಕ್ಕೆ ಅವರಿಗೆ ಪ್ರಶಸ್ತಿ ಕೊಟ್ಟಿತು.

ನಮ್ಮ ಕಡೆ ಬಯಲಾಟದಲ್ಲಿ ದುಶ್ಯಾಸನ ಸೀರೆ ಎಳೆಯುವಾಗ ಅಜ್ಜಿಯರು ಕೂತಲ್ಲಿಂದಲೇ ಶಾಪ ಹಾಕುತ್ತಾರೆ. ಬೆಳಿಗ್ಗೆ ಬಣ್ಣ ತೊಳೆದುಕೊಂಡ ಅದೇ ಮನುಷ್ಯನಿಗೆ ಕರೆದು ಚಹಾ ಕೊಡುತ್ತಾರೆ. ಪಾತ್ರ ಬೇರೆ, ಮನುಷ್ಯ ಬೇರೆ ಅನ್ನುವುದು ರಂಗದ ಮುಂದೆ ಕೂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪರದೆಯ ಮುಂದೆ ಕೂತವರಿಗೆ ಅದು ಯಾಕೋ ಮರೆತುಹೋಗುತ್ತದೆ. ಬೈಯಿಸಿಕೊಳ್ಳುವವರ ಮುಖ ಕಾಣದಿರುವುದೇ ಕಾರಣ ಇರಬಹುದು.

ಇನ್ನು ಗೇಮ್ ಕಟ್ಟಿದವರು. ಬಿಡುಗಡೆಗೆ ಮೂರು ತಿಂಗಳ ಮುಂಚೆ, ಮಾರ್ಚ್‌ನಲ್ಲಿ, ಕೊಟಾಕುವಿನಲ್ಲಿ ಜೇಸನ್ ಶ್ರೈಯರ್ ಒಂದು ವರದಿ ಬರೆದರು. ನಾಟಿ ಡಾಗ್ ಸ್ಟುಡಿಯೊದ ಕೆಲಸಗಾರರು ರಾತ್ರಿ ಹಗಲು, ವಾರದ ರಜೆಯೂ ಇಲ್ಲದೆ ದುಡಿಯುತ್ತಿದ್ದರು. ಇದೇ ಸ್ಟುಡಿಯೊದ ಹಿಂದಿನ ದೊಡ್ಡ ಗೇಮ್ 'ಅನ್‌ಚಾರ್ಟೆಡ್ 4'. ಅದರಲ್ಲಿ ಮುಖ್ಯಸ್ಥರನ್ನು ಬಿಟ್ಟು ಹೆಸರಿದ್ದ 20 ಡಿಸೈನರ್‌ಗಳಲ್ಲಿ 14 ಮಂದಿ ಅಷ್ಟೊತ್ತಿಗೆ ಕೆಲಸ ಬಿಟ್ಟಿದ್ದರು. ನಾವು ಕತ್ತು ತಿರುಗಿಸಿ ನೋಡದ ಮೂಲೆಯ ಹುಲ್ಲುಕಡ್ಡಿಯೂ ಅಷ್ಟು ಚೆಂದ ಕಾಣಲು ಯಾರದ್ದೋ ನಿದ್ದೆ ಹೋಗಿದೆ. 93 ಕೊಟ್ಟ ವಿಮರ್ಶೆಗಳಲ್ಲಿ ಬಹಳಷ್ಟು ಆ ಹುಲ್ಲುಕಡ್ಡಿಯನ್ನು ಹೊಗಳಿದವು. ನಿದ್ದೆಯ ಲೆಕ್ಕ ಅಂಕದಲ್ಲಿ ಬರಲಿಲ್ಲ. ಸೊನ್ನೆ ಕೊಟ್ಟವರಿಗಂತೂ ಅದು ವಿಷಯವೇ ಆಗಿರಲಿಲ್ಲ. ನನ್ನ ಪ್ರಕಾರ ವಿಮರ್ಶಕರ ಮೇಲೆ ಹೊರಿಸಬಹುದಾದ ದೊಡ್ಡ ದೂರು ಇದೇ. ಅವರು ದುಡ್ಡು ತಿಂದರು ಅನ್ನುವ ಪುರಾವೆ ಇಲ್ಲದ ಆರೋಪಕ್ಕಿಂತ ಇದು ಗಟ್ಟಿಯಾದದ್ದು.

ನಮ್ಮ ಫೋನಿನಲ್ಲೂ ಇದೇ

ಅದೇ 2020ರ ಮೇ ತಿಂಗಳು. ಕ್ಯಾರಿಮಿನಾಟಿ ಎಂಬ ಯೂಟ್ಯೂಬರ್ ಟಿಕ್‌ಟಾಕ್‌ನವರನ್ನು ಹೀಯಾಳಿಸಿ ಮಾಡಿದ ವಿಡಿಯೊವನ್ನು ಯೂಟ್ಯೂಬ್ ತೆಗೆದುಹಾಕಿತು. ಅವನ ಅಭಿಮಾನಿಗಳು ಪ್ಲೇ ಸ್ಟೋರಿಗೆ ನುಗ್ಗಿ ಟಿಕ್‌ಟಾಕ್‌ಗೆ ಒಂದೊಂದೇ ಸ್ಟಾರ್ ಒತ್ತಿದರು. ನಾಲ್ಕರ ಮೇಲಿದ್ದ ರೇಟಿಂಗ್ ಕೆಲವೇ ದಿನಗಳಲ್ಲಿ ಎರಡಕ್ಕಿಂತ ಕೆಳಗೆ ಬಿತ್ತು. ಗೂಗಲ್ ಲಕ್ಷಗಟ್ಟಲೆ ರಿವ್ಯೂಗಳನ್ನು ಅಳಿಸಿದ ಮೇಲೆ ಮತ್ತೆ ಮೇಲೆ ಬಂತು. ಆ್ಯಪ್ ಒಂದಿಷ್ಟೂ ಬದಲಾಗಿರಲಿಲ್ಲ. ಅದರ ಮುಂಚೆ, 2017ರಲ್ಲಿ, ಸ್ನ್ಯಾಪ್‌ಚಾಟ್ ಮುಖ್ಯಸ್ಥ ಭಾರತವನ್ನು ಬಡ ದೇಶ ಅಂದನಂತೆ ಎಂಬ ಸುದ್ದಿಗೆ ಸಿಟ್ಟಾದ ಜನರಲ್ಲಿ ಕೆಲವರು, ಹೆಸರು ಹತ್ತಿರ ಇದೆ ಅಂತ ಸ್ನ್ಯಾಪ್‌ಡೀಲ್‌ಗೂ ಒಂದು ಸ್ಟಾರ್ ಒತ್ತಿದರು. ಅದು ಭಾರತದ್ದೇ ಕಂಪನಿ!

ಕನ್ನಡ ಸಿನಿಮಾ ಬಿಡುಗಡೆಯಾದ ದಿನ ನಡೆಯುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಶೋ ಮುಗಿಯುವ ಮುಂಚೆಯೇ ಒಬ್ಬ ನಟನ ಕಡೆಯವರು ಹತ್ತು ಒತ್ತುತ್ತಾರೆ, ಇನ್ನೊಬ್ಬನ ಕಡೆಯವರು ಒಂದು ಒತ್ತುತ್ತಾರೆ. ಟಿಕೆಟ್ ದುಡ್ಡು ಎಣಿಸಿಕೊಂಡು ತಾಲ್ಲೂಕು ಕೇಂದ್ರದ ಟಾಕೀಸಿಗೆ ಬಸ್ ಹತ್ತುವವನಿಗೆ ಆ ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ಮೋಸ ಹೋಗುವವನು ಅವನೇ. ನಟನೂ ಅಲ್ಲ, ನಿರ್ಮಾಪಕನೂ ಅಲ್ಲ.

ಹಾಗಾದರೆ ಸ್ಟಾರ್ ನೋಡಲೇಬಾರದೇ? ನೋಡಿ. ಆದರೆ ಅದನ್ನು ಬಾಗಿಲು ಅಂದುಕೊಳ್ಳಿ. ಬಾಗಿಲು ನೋಡಿ ಮನೆ ಕೊಳ್ಳುವವರಿಲ್ಲ. ಐದು ಸ್ಟಾರಿನ ರಿವ್ಯೂ ಎರಡು, ಒಂದು ಸ್ಟಾರಿನದ್ದು ಎರಡು, ಮೂರು ಸ್ಟಾರಿನದ್ದು ನಾಲ್ಕು ಓದಿ. ಮೂರು ಸ್ಟಾರ್ ಕೊಟ್ಟವರು ಸಾಮಾನ್ಯವಾಗಿ ಬಳಸಿ ನೋಡಿರುತ್ತಾರೆ, ಯಾಕೆಂದರೆ ಸಿಟ್ಟಿನಲ್ಲೂ ಅಭಿಮಾನದಲ್ಲೂ ಯಾರೂ ಮೂರು ಒತ್ತುವುದಿಲ್ಲ. ಬರೆದವರು ಅದನ್ನು ಎಷ್ಟು ದಿನ ಬಳಸಿದ್ದಾರೆ, ಏನು ಕೆಟ್ಟಿತು ಅಂತ ಹೇಳಿದ್ದಾರೆಯೇ ನೋಡಿ. 'ಸೂಪರ್', 'ವೇಸ್ಟ್' ಅಂತ ಮಾತ್ರ ಇದ್ದರೆ ದಾಟಿ ಹೋಗಿ.

'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಬಗ್ಗೆ ನನ್ನ ತೀರ್ಮಾನ ಕೇಳಿದರೆ, ಅದು ಎದೆಗಾರಿಕೆಯ ಗೇಮ್, ಜೊತೆಗೆ ಅಲ್ಲಲ್ಲಿ ತನ್ನ ಮಾತನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳುವ ಗೇಮ್. ಕೊನೆಗೆ ಎಲಿ ಆಬಿಯನ್ನು ನೀರಿನಲ್ಲಿ ಮುಳುಗಿಸುತ್ತಾ ಕೈ ಸಡಿಲ ಬಿಡುತ್ತಾಳೆ. ಅಷ್ಟರಲ್ಲಿ ಅವಳ ಎರಡು ಬೆರಳು ಹೋಗಿವೆ. ಜೋಯೆಲ್ ಕಲಿಸಿದ ಗಿಟಾರನ್ನು ಇನ್ನು ಸರಿಯಾಗಿ ನುಡಿಸಲಾರಳು. ಅವಳು ಬಿಟ್ಟದ್ದು ಸರಿಯೇ, ಬಿಡುವುದಾದರೆ ಅಷ್ಟು ದೂರ ಯಾಕೆ ಹೋಗಬೇಕಿತ್ತು ಅಂತ ಜನ ಇವತ್ತಿಗೂ ವಾದಿಸುತ್ತಾರೆ. ಆರು ವರ್ಷ ಬದುಕಿದ್ದು ಆ ವಾದ. 93 ಅನ್ನೂ ಸೊನ್ನೆಯನ್ನೂ ಇವತ್ತು ಯಾರೂ ನೆನೆಯುವುದಿಲ್ಲ.

ನಮ್ಮ ಊರುಗಳಲ್ಲಿ ಸಂಜೆ ಅರಳಿಕಟ್ಟೆಯ ಮೇಲೆ ಫ್ರೀ ಫೈರ್, ಬಿಜಿಎಂಐ ಆಡುವ ಹುಡುಗರು ಕಡಿಮೆ ಇಲ್ಲ. ಹುಡುಗಿಯರೂ ಆಡುತ್ತಾರೆ, ಮನೆಯೊಳಗೆ. ಆ ಆಟದಲ್ಲಿ ಏನಿದೆ, ಯಾಕೆ ಬಿಡಲಾಗುವುದಿಲ್ಲ, ಎಲ್ಲಿ ದುಡ್ಡು ಕೀಳುತ್ತದೆ, ಎಲ್ಲಿ ನಿಜವಾಗಿ ಖುಷಿ ಕೊಡುತ್ತದೆ ಅಂತ ಆಡುವವರೇ ಕನ್ನಡದಲ್ಲಿ ಬರೆದದ್ದು ನಮಗೆ ಬೇಕು. ನೀವು ಆಡಿ ಬಲ್ಲವರಾದರೆ ಮುನ್ನೂರು ಪದ ಬರೆದು ನಮಗೆ ಕಳಿಸಿ. ಬೈದು ಬರೆದರೂ ಹಾಕುತ್ತೇವೆ, ಹೊಗಳಿ ಬರೆದರೂ ಹಾಕುತ್ತೇವೆ. ಎಷ್ಟು ಗಂಟೆ ಆಡಿದ್ದೀರಿ ಅಂತ ಮೊದಲ ಸಾಲಲ್ಲೇ ಹೇಳಿಬಿಡಿ. ಸ್ಟಾರ್ ಕೊಡುವುದು ಮಾತ್ರ ಬೇಡ.